ಧ್ಯಾನಕ್ಕೆ ಕೂರುವ ಮುಂಚೆ ಊಟ, ನಿದ್ರೆ ನೋಡಿಕೊಳ್ಳಿ: ಗೀತೆಯ ಆರನೇ ಅಧ್ಯಾಯ ಹಿಡಿದು ಮನೆಯಲ್ಲೇ ಅಭ್ಯಾಸ

ಭಗವದ್ಗೀತೆಯ ಆರನೇ ಅಧ್ಯಾಯದಲ್ಲಿ 47 ಶ್ಲೋಕಗಳಿವೆ. ಧ್ಯಾನ ಮಾಡಬೇಕು ಅಂದುಕೊಂಡವರು ಬೇರೆ ಏನನ್ನೂ ಓದದಿದ್ದರೂ ಇದನ್ನು ಓದಬೇಕು ಎನ್ನುವವನು ನಾನು. ಇದರಲ್ಲಿ ಉಪದೇಶ ಕಡಿಮೆ, ಮಾಡುವ ವಿಧಾನ ಜಾಸ್ತಿ. ಎಲ್ಲಿ ಕೂರಬೇಕು, ಆಸನ ಎಷ್ಟು ಎತ್ತರ ಇರಬೇಕು, ಕತ್ತು ಹೇಗಿರಬೇಕು, ಎಷ್ಟು ಉಣ್ಣಬೇಕು, ಎಷ್ಟು ಮಲಗಬೇಕು, ಮನಸ್ಸು ಓಡಿಹೋದರೆ ಏನು ಮಾಡಬೇಕು, ನಡುವೆ ಬಿಟ್ಟುಬಿಟ್ಟರೆ ಗತಿ ಏನು, ಎಲ್ಲವನ್ನೂ ಕೃಷ್ಣ ಒಂದೊಂದಾಗಿ ಹೇಳುತ್ತಾನೆ. ಕೇಳುತ್ತಿರುವ ಅರ್ಜುನ ಸನ್ಯಾಸಿಯೂ ಅಲ್ಲ. ಹೆಂಡತಿ ಮಕ್ಕಳು, ದಾಯಾದಿಗಳ ಜಗಳ, ಆಸ್ತಿ ವ್ಯಾಜ್ಯ ಎಲ್ಲವೂ ಇರುವ ಗೃಹಸ್ಥ.

ಈ ಅಧ್ಯಾಯವನ್ನು ಮುಂದಿಟ್ಟುಕೊಂಡು, ಅಲ್ಲಲ್ಲಿ ಪತಂಜಲಿಯ ಯೋಗಸೂತ್ರದ ಸಹಾಯ ತೆಗೆದುಕೊಂಡು, ಮನೆಯಲ್ಲಿ ಅಭ್ಯಾಸ ಶುರು ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಸಾಮಾನ್ಯವಾಗಿ ಇಂಥ ಲೇಖನಗಳು ಕೂರುವ ಭಂಗಿಯಿಂದ ಶುರುವಾಗುತ್ತವೆ. ನಾನು ಊಟದಿಂದ ಶುರು ಮಾಡುತ್ತೇನೆ. ಕೂರುವುದು ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ. ಉಳಿದ ಇಪ್ಪತ್ಮೂರು ಮುಕ್ಕಾಲು ಗಂಟೆ ಹೇಗೆ ಕಳೆಯುತ್ತೇವೆ ಅನ್ನುವುದರ ಮೇಲೆ ಆ ಹದಿನೈದು ನಿಮಿಷ ನಿಂತಿದೆ.

ಮೊದಲು ಹೊಟ್ಟೆ, ಆಮೇಲೆ ನಿದ್ರೆ

ಹದಿನಾರನೇ ಶ್ಲೋಕ ನೇರವಾಗಿದೆ. ಜಾಸ್ತಿ ತಿನ್ನುವವನಿಗೆ ಯೋಗ ಇಲ್ಲ. ಏನೂ ತಿನ್ನದವನಿಗೂ ಇಲ್ಲ. ಜಾಸ್ತಿ ಮಲಗುವವನಿಗೂ ಇಲ್ಲ, ನಿದ್ರೆಗೆಟ್ಟು ಎಚ್ಚರ ಇರುವವನಿಗೂ ಇಲ್ಲ. ಮುಂದಿನ ಶ್ಲೋಕದಲ್ಲಿ ಊಟ, ಓಡಾಟ, ಕೆಲಸ, ನಿದ್ರೆ, ಎಚ್ಚರ ಎಲ್ಲವೂ ಹದವಾಗಿರಲಿ ಅನ್ನುತ್ತಾನೆ. ಉಪವಾಸ ಮಾಡಿ ಸೊರಗಿದರೆ ದೇವರು ಬೇಗ ಸಿಗುತ್ತಾನೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗೀತೆ ಅದನ್ನು ಒಪ್ಪುವುದಿಲ್ಲ.

ಹದ ಅಂದರೆ ಎಷ್ಟು? ಶಂಕರಾಚಾರ್ಯರು ಈ ಶ್ಲೋಕಕ್ಕೆ ಭಾಷ್ಯ ಬರೆಯುವಾಗ ಒಂದು ಹಳೆಯ ಲೆಕ್ಕವನ್ನು ಕೊಡುತ್ತಾರೆ. ಹೊಟ್ಟೆಯ ಅರ್ಧ ಭಾಗ ಅನ್ನ ಮೇಲೋಗರಕ್ಕೆ, ಕಾಲು ಭಾಗ ನೀರಿಗೆ, ಇನ್ನು ಕಾಲು ಭಾಗ ಗಾಳಿಯಾಡಲು ಖಾಲಿ. ಇನ್ನೊಂದು ತುತ್ತು ಹಿಡಿಯುತ್ತದೆ ಅನ್ನಿಸುವಾಗ ಏಳುವುದು ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಕೂರುವವರಿಗೆ ಹಿಂದಿನ ರಾತ್ರಿಯ ಊಟ ಮುಖ್ಯ. ರಾತ್ರಿ ಹತ್ತೂವರೆಗೆ ಹೊಟ್ಟೆ ಬಿರಿಯ ಮುದ್ದೆ ಸಾರು ಉಂಡು ಐದಕ್ಕೆ ಎದ್ದು ಕೂತರೆ ತೂಕಡಿಕೆ ಬಿಟ್ಟು ಬೇರೇನೂ ಬರುವುದಿಲ್ಲ. ಎಂಟರ ಒಳಗೆ ಊಟ ಮುಗಿಸಲು ನೋಡಿ. ಆಗದಿದ್ದರೆ ರಾತ್ರಿಯ ಊಟವನ್ನಾದರೂ ಹಗುರ ಮಾಡಿ.

ಈರುಳ್ಳಿ ಬೆಳ್ಳುಳ್ಳಿ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹದಿನೇಳನೇ ಅಧ್ಯಾಯದಲ್ಲಿ ಸಾತ್ವಿಕ, ರಾಜಸ, ತಾಮಸ ಆಹಾರಗಳ ವಿವರ ಇದೆ. ಅಲ್ಲಿ ರಸವತ್ತಾದದ್ದು, ಅತಿ ಖಾರದ್ದು, ಅತಿ ಉಪ್ಪಿನದ್ದು, ಹಳಸಿದ್ದು ಅಂತ ಗುಣಗಳನ್ನು ಹೇಳಿದೆಯೇ ಹೊರತು ಈರುಳ್ಳಿಯ ಹೆಸರಿಲ್ಲ. ನಿಮ್ಮ ಮನೆಯ ಪದ್ಧತಿಯಲ್ಲಿ ಬಿಟ್ಟಿದ್ದರೆ ಬಿಡಿ. ಇಲ್ಲದಿದ್ದರೆ ಇದೊಂದೇ ಕಾರಣಕ್ಕೆ ಅಡುಗೆಮನೆಯಲ್ಲಿ ಜಗಳ ತೆಗೆಯಬೇಡಿ.

ನಿದ್ರೆಯ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ರಾತ್ರಿ ಹನ್ನೆರಡರ ತನಕ ಮೊಬೈಲ್ ನೋಡಿ ಬೆಳಿಗ್ಗೆ ನಾಲ್ಕೂವರೆಗೆ ಅಲಾರಾಂ ಇಡುವುದು ತಪಸ್ಸಲ್ಲ. ಕೂರುವುದನ್ನು ನಾಳೆಯಿಂದ ಶುರು ಮಾಡುವ ಬದಲು, ಒಂದು ವಾರ ಸುಮ್ನೆ ಮಲಗುವ ಹೊತ್ತನ್ನು ಸರಿ ಮಾಡಿಕೊಳ್ಳಿ. ಆ ವಾರ ಬೇರೇನೂ ಮಾಡಬೇಡಿ.

ಹೊತ್ತು ಯಾವುದು

ಶಾಸ್ತ್ರ ಹೇಳುವುದು ಬ್ರಾಹ್ಮೀ ಮುಹೂರ್ತ. ಒಂದು ಮುಹೂರ್ತ ಅಂದರೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ ಇರುವಾಗ ಅದು ಶುರುವಾಗಿ, ಒಂದು ಮುಹೂರ್ತ ಇರುವಾಗ ಮುಗಿಯುತ್ತದೆ. ಸೂರ್ಯ 6.15ಕ್ಕೆ ಹುಟ್ಟುವ ದಿನ 4.39ರಿಂದ 5.27ರ ತನಕ ಅಂತಾಯಿತು. ಆ ಹೊತ್ತಿನಲ್ಲಿ ಬೀದಿಯಲ್ಲಿ ಸದ್ದಿರುವುದಿಲ್ಲ, ಹೊಟ್ಟೆ ಖಾಲಿ ಇರುತ್ತದೆ, ಯಾರೂ ಫೋನ್ ಮಾಡುವುದಿಲ್ಲ. ಅದರ ಮಹತ್ವಕ್ಕೆ ಇಷ್ಟು ಕಾರಣ ಸಾಕು.

ಆದರೆ ಎಲ್ಲರಿಗೂ ಅದು ಆಗದು. ಐದಕ್ಕೆ ಎದ್ದು ಮಕ್ಕಳ ಡಬ್ಬಿಗೆ ಚಿತ್ರಾನ್ನ ಕಲಸುವ ತಾಯಿಗೆ ಆಗದು. ರಾತ್ರಿ ಪಾಳಿ ಮುಗಿಸಿ ಬರುವ ಆಸ್ಪತ್ರೆಯ ನರ್ಸ್‌ಗೆ, ಬಸ್ ಕಂಡಕ್ಟರ್‌ಗೆ ಆಗದು. ಅಂಥವರು ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲಿನ ಹೊತ್ತನ್ನೋ, ದೀಪ ಹಚ್ಚುವ ಸಂಜೆಯನ್ನೋ ಹಿಡಿದುಕೊಳ್ಳಲಿ. ಒಳ್ಳೆಯ ಹೊತ್ತಿಗಿಂತ ಒಂದೇ ಹೊತ್ತು ಮುಖ್ಯ. ಪಾಳಿ ಬದಲಾಗುವವರು ಗಡಿಯಾರ ಬಿಟ್ಟು ಸ್ನಾನಕ್ಕೆ ಗಂಟು ಹಾಕಿಕೊಳ್ಳಬಹುದು. ಸ್ನಾನ ಆದ ಕೂಡಲೇ ಕೂರುವುದು.

ಜಾಗ ಮತ್ತು ಆಸನ

ಜಾಗ ಶುಚಿಯಾಗಿರಲಿ, ಆಸನ ಅಲುಗಾಡದಿರಲಿ, ತುಂಬಾ ಎತ್ತರವೂ ತುಂಬಾ ತಗ್ಗೂ ಬೇಡ. ಇದು ಹನ್ನೊಂದನೇ ಶ್ಲೋಕ. ಆಗಿನ ಪದ್ಧತಿಯಲ್ಲಿ ದರ್ಭೆ ಹಾಸಿ, ಅದರ ಮೇಲೆ ಜಿಂಕೆಯ ಚರ್ಮ, ಅದರ ಮೇಲೆ ಬಟ್ಟೆ. ಜಿಂಕೆ ಚರ್ಮ ಹುಡುಕಿಕೊಂಡು ಯಾರೂ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು ಬೀಳುತ್ತದೆ. ಚಾಪೆ ಹಾಸಿ ಅದರ ಮೇಲೆ ಮಡಿಚಿದ ಜಮಖಾನೆಯೋ, ಚಳ್ಳಕೆರೆ ಕಡೆಯ ಕರಿ ಕಂಬಳಿಯೋ ಇದ್ದರೆ ಆಯಿತು. ನೆಲದ ತಂಪು ತಾಗಬಾರದು, ಅಷ್ಟೇ.

ದೇವರ ಕೋಣೆ ಇದ್ದರೆ ಅಲ್ಲೇ ಕೂರಿ. ಬಾಡಿಗೆ ಮನೆಯಲ್ಲಿ ದೇವರು ಅಡುಗೆಮನೆಯ ಶೆಲ್ಫಿನಲ್ಲಿದ್ದರೆ ಮಲಗುವ ಕೋಣೆಯ ಒಂದು ಮೂಲೆ ಸಾಕು. ಆದರೆ ಹಾಸಿಗೆಯ ಮೇಲೆ ಮಾತ್ರ ಬೇಡ. ಹಾಸಿಗೆ ಕಂಡರೆ ದೇಹಕ್ಕೆ ಒಂದೇ ನೆನಪು. ಮನೆಯವರಿಗೆ ಮುಂಚೆಯೇ ಹೇಳಿಡಿ: ಇಷ್ಟು ಹೊತ್ತು ನನ್ನನ್ನು ಕರೆಯಬೇಡಿ, ಗ್ಯಾಸ್ ಮೇಲೆ ಹಾಲಿಟ್ಟಿದ್ದರೆ ನೀವೇ ನೋಡಿಕೊಳ್ಳಿ. ಗೀತೆ ಏಕಾಂತ ಅನ್ನುತ್ತದಲ್ಲ, ಎರಡು ಕೋಣೆಯ ಮನೆಯಲ್ಲಿ ಅದು ಸಿಗುವುದು ಹೀಗೆಯೇ.

ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಟೈಮರ್ ಬೇಕಲ್ಲ ಅಂದರೆ ಊದಿನಕಡ್ಡಿ ಇದೆ. ಒಂದೇ ಪೊಟ್ಟಣದ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಹೊತ್ತು ಉರಿಯುತ್ತವೆ. ಅರ್ಧಕ್ಕೆ ಮುರಿದು ಹಚ್ಚಿ. ಉಬ್ಬಸ ಇರುವವರಿಗೆ ಹೊಗೆ ಆಗುವುದಿಲ್ಲ, ಅವರು ಮೇಜಿನ ಗಡಿಯಾರ ಇಟ್ಟುಕೊಳ್ಳಲಿ.

ಕೂರುವುದು

ಸೊಂಟದ ಮೇಲಿನ ದೇಹ, ಕತ್ತು, ತಲೆ ಮೂರೂ ಒಂದೇ ನೇರದಲ್ಲಿ. ಪದ್ಮಾಸನ ಬೇಕಿಲ್ಲ, ಸಾದಾ ಚಕ್ಕಂಬಕ್ಕಳ ಸಾಕು. ಮಂಡಿ ನೆಲಕ್ಕೆ ತಾಗದಿದ್ದರೆ ಕುಂಡಿಯ ಕೆಳಗೆ ಒಂದು ದಪ್ಪ ದಿಂಬು ಇಡಿ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಂಡಿ ನೋವಿನವರು, ಬಸುರಿಯರು, ವಯಸ್ಸಾದವರು ಕುರ್ಚಿಯಲ್ಲಿ ಕೂರಬಹುದು. ಪಾದ ಪೂರ್ತಿ ನೆಲಕ್ಕೆ ತಾಗಲಿ, ಬೆನ್ನು ಒರಗದಿರಲಿ. ಪತಂಜಲಿ ಆಸನದ ಬಗ್ಗೆ ಕೇಳುವುದು ಎರಡನ್ನೇ: ಸ್ಥಿರವಾಗಿರಬೇಕು, ಸುಖವಾಗಿರಬೇಕು. ಕಾಲು ಜೋಮು ಹಿಡಿದು ಅಳು ಬರುವಂತೆ ಕೂತರೆ ಎರಡೂ ಇಲ್ಲ.

ಮೂಗಿನ ತುದಿಯನ್ನು ನೋಡಬೇಕು ಅನ್ನುವ ಮಾತಿನಿಂದ ತುಂಬಾ ಜನ ತಲೆನೋವು ತರಿಸಿಕೊಂಡಿದ್ದಾರೆ. ಹದಿಮೂರನೇ ಶ್ಲೋಕದಲ್ಲಿ ಆ ಮಾತು ಇರುವುದು ನಿಜ. ಆದರೆ ಶಂಕರರು ಅಲ್ಲೇ ಸ್ಪಷ್ಟ ಮಾಡುತ್ತಾರೆ. ಮೂಗನ್ನು ದಿಟ್ಟಿಸಿ ನೋಡು ಅಂತ ಇದರ ಅರ್ಥವಲ್ಲ, ನೋಡುತ್ತಿರುವ ಹಾಗೆ ಕಣ್ಣು ಹೊರಗಡೆ ಅಲೆಯದೆ ನಿಲ್ಲಲಿ ಅಂತ. ಮನಸ್ಸು ಮೂಗಿನ ಮೇಲೇ ನಿಂತರೆ ಧ್ಯಾನ ಆಗುವುದು ಮೂಗಿನದ್ದೇ, ಆತ್ಮದ್ದಲ್ಲ, ಅಲ್ವಾ? ಕಣ್ಣು ಅರ್ಧ ಮುಚ್ಚಿ ನೋಟವನ್ನು ಕೆಳಗೆ ಬಿಡಿ, ಇಲ್ಲವೇ ಪೂರ್ತಿ ಮುಚ್ಚಿ.

ಮೊದಲ ತಿಂಗಳು ಹತ್ತರಿಂದ ಹದಿನೈದು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ, ಚೆನ್ನಾಗಿ ಆಗುತ್ತಿದೆ ಅನ್ನಿಸಿದರೂ ಬೇಡ. ನಾಳೆಯೂ ಕೂರಬೇಕು ಅನ್ನಿಸುವಾಗಲೇ ಏಳುವುದು ಒಳ್ಳೆಯದು.

ಮನಸ್ಸಿಗೆ ಹಿಡಿಯಲು ಏನಾದರೂ ಕೊಡಿ

ಏನನ್ನೂ ಯೋಚಿಸದೆ ಕೂರಿ ಅನ್ನುವುದು ಹೊಸಬರಿಗೆ ಕೊಡುವ ಅತಿ ಕೆಟ್ಟ ಸಲಹೆ. ಗೀತೆಯಲ್ಲೂ ಆ ಮಾತು ಬರುವುದು ಎಷ್ಟೋ ಮೆಟ್ಟಿಲು ಹತ್ತಿದ ಮೇಲೆ. ಮೊದಲು ಒಂದು ಆಸರೆ ಬೇಕು.

ನಮ್ಮ ಕಡೆ ಎಲ್ಲರಿಗೂ ಕೈಗೆಟಕುವುದು ನಾಮಜಪ. ಯಜ್ಞಗಳಲ್ಲಿ ತಾನು ಜಪಯಜ್ಞ ಅಂತ ಕೃಷ್ಣ ಹತ್ತನೇ ಅಧ್ಯಾಯದಲ್ಲಿ ಹೇಳುತ್ತಾನೆ. ಪುರಂದರದಾಸರಿಂದ ಹಿಡಿದು ಎಲ್ಲ ಹರಿದಾಸರೂ ಜನರಿಗೆ ಹೇಳಿದ್ದು ನಾಮಸ್ಮರಣೆಯನ್ನೇ. ನಿಮ್ಮ ಮನೆದೇವರ ಹೆಸರು, ಅಥವಾ ಚಿಕ್ಕಂದಿನಿಂದ ಬಾಯಿಗೆ ಬಂದ ಹೆಸರು ತೆಗೆದುಕೊಳ್ಳಿ. ರಾಮ, ಕೃಷ್ಣ, ಶಿವ, ಅಮ್ಮ, ಯಾವುದಾದರೂ ಸರಿ. ಒಮ್ಮೆ ಆರಿಸಿದ ಮೇಲೆ ಬದಲಾಯಿಸುತ್ತಾ ಹೋಗಬೇಡಿ. ದೇವರ ಹೆಸರಿಗೆ ಯಾರ ಅಪ್ಪಣೆಯೂ ಬೇಡ. ಹ್ರೀಂ, ಶ್ರೀಂ ಥರದ ಬೀಜಾಕ್ಷರಗಳಿರುವ ಮಂತ್ರಗಳನ್ನು ಮಾತ್ರ ಗುರುವಿನಿಂದ ಪಡೆದೇ ಜಪಿಸುವುದು ಪದ್ಧತಿ. ಯೂಟ್ಯೂಬ್ ನೋಡಿ ಅವನ್ನು ಶುರು ಹಚ್ಚಿಕೊಳ್ಳಬೇಡಿ.

ಜಪದಲ್ಲಿ ಮೂರು ಬಗೆ. ಗಟ್ಟಿಯಾಗಿ ಹೇಳುವುದು ವಾಚಿಕ. ತುಟಿ ಅಲುಗಿದರೂ ಪಕ್ಕದವರಿಗೆ ಕೇಳಿಸದಿರುವುದು ಉಪಾಂಶು. ಮನಸ್ಸಿನಲ್ಲೇ ಮಾಡುವುದು ಮಾನಸ. ಮಾನಸವೇ ಶ್ರೇಷ್ಠ ಅಂತ ಹೇಳುತ್ತಾರೆ, ಆದರೆ ಹೊಸಬರು ಅಲ್ಲಿಂದ ಶುರು ಮಾಡಿದರೆ ಎರಡೇ ನಿಮಿಷಕ್ಕೆ ಜಪ ಕಳೆದುಹೋಗಿರುತ್ತದೆ. ಮೊದಲ ಕೆಲವು ದಿನ ಮೆಲ್ಲಗೆ ಸದ್ದು ಮಾಡಿ ಹೇಳಿ. ಆಮೇಲೆ ತುಟಿಯಲ್ಲಿ. ಮನಸ್ಸಿಗೆ ಇಳಿಯುವುದು ತಾನಾಗಿ ಆಗಲಿ. ಮನೆಯಲ್ಲಿ ಸೂತಕ ಇದ್ದಾಗ, ಮುಟ್ಟಿನ ದಿನಗಳಲ್ಲಿ ಏನು ಮಾಡಬೇಕು ಅನ್ನುವ ಪ್ರಶ್ನೆ ಬರುತ್ತದೆ. ಮಾನಸ ಜಪಕ್ಕೆ ಮಡಿಯ ಕಟ್ಟುಪಾಡಿಲ್ಲ ಅಂತ ಹಲವು ಪರಂಪರೆಗಳು ಹೇಳುತ್ತವೆ. ಆಸನದ ಮೇಲೆ ಕೂರಲು ಮನೆಯಲ್ಲಿ ಒಪ್ಪದಿದ್ದರೆ ಕುರ್ಚಿಯ ಮೇಲೆ ಕೂತು ಮನಸ್ಸಿನಲ್ಲೇ ಮಾಡಿ. ಅಭ್ಯಾಸ ಕಡಿಯುವುದು ಬೇಡ.

ಜಪಮಣಿ ಇದ್ದರೆ ಒಳ್ಳೆಯದು. 108 ಮಣಿ, ಜೊತೆಗೆ ಸರದ ತುದಿಗಳು ಸೇರುವ ಕಡೆ ಒಂದು ಮೇರು ಮಣಿ. ಸರವನ್ನು ಮಧ್ಯದ ಬೆರಳ ಮೇಲೆ ಇಟ್ಟು ಹೆಬ್ಬೆರಳಿನಿಂದ ಎಳೆಯಿರಿ, ತೋರುಬೆರಳು ತಾಗಿಸುವುದಿಲ್ಲ. ಮೇರು ಬಂದಾಗ ದಾಟದೆ ಸರ ತಿರುಗಿಸಿ. ಒಂದು ಹೆಸರಿಗೆ ಮೂರು ಸೆಕೆಂಡು ಹಿಡಿದರೆ ಒಂದು ಸುತ್ತಿಗೆ ಐದೂವರೆ ನಿಮಿಷ. ಮೂರು ಸುತ್ತು ಮಾಡಿದರೆ ನಿಮ್ಮ ಹೊತ್ತು ಮುಗಿಯಿತು, ಗಡಿಯಾರವೂ ಬೇಕಿಲ್ಲ. ಎಣಿಕೆ ಏರಿಸುವ ಚಪಲಕ್ಕೆ ಮಾತ್ರ ಬೀಳಬೇಡಿ. ಲಕ್ಷ ಜಪ, ಕೋಟಿ ಜಪ ಅನ್ನುವುದು ಸಂಕಲ್ಪ ಮಾಡಿದವರಿಗೆ.

ಇಷ್ಟಲಿಂಗ ಕಟ್ಟಿಕೊಂಡವರಿಗೆ ಆಸರೆ ಆಗಲೇ ಎದೆಯ ಮೇಲಿದೆ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ನೋಟವನ್ನು ಅದರಲ್ಲಿ ನಿಲ್ಲಿಸುವುದು ಹನ್ನೆರಡನೇ ಶತಮಾನದ ಶರಣರಿಂದ ಬಂದ ಅಭ್ಯಾಸ. ಅವರು ಬೇರೆ ವಿಧಾನ ಹುಡುಕಬೇಕಿಲ್ಲ. ದೇವರ ಹೆಸರಿನ ಬಗ್ಗೆ ಮನಸ್ಸು ಒಪ್ಪದವರು ಉಸಿರನ್ನು ಹಿಡಿಯಬಹುದು. ಮೂಗಿನ ಹೊಳ್ಳೆಯಲ್ಲಿ ಉಸಿರು ಬರುವುದನ್ನು, ಹೋಗುವುದನ್ನು ಗಮನಿಸುತ್ತಿರುವುದು. ಉಸಿರು ಕಟ್ಟುವ ಪ್ರಾಣಾಯಾಮ ಇದರಲ್ಲಿ ಬೇಡ. ಬಿಪಿ, ಹೃದಯದ ತೊಂದರೆ ಇರುವವರು ಅದನ್ನು ತಿಳಿದವರ ಎದುರಿಗಲ್ಲದೆ ಮಾಡಲೇಬಾರದು.

ಓಡಿಹೋದ ಮನಸ್ಸನ್ನು ಕರೆತರುವುದು

ಇಡೀ ಅಧ್ಯಾಯದ ಕೆಲಸ ಇರುವುದು ಇಲ್ಲಿ.

ಕೂತು ಎರಡು ನಿಮಿಷ ಆಗಿರುವುದಿಲ್ಲ, ಸಿಲಿಂಡರ್ ಬುಕ್ ಮಾಡಿಲ್ಲ ಅನ್ನುವುದು ನೆನಪಾಗುತ್ತದೆ. ಅಲ್ಲಿಂದ ಕಳೆದ ತಿಂಗಳ ಖರ್ಚು, ಅಲ್ಲಿಂದ ಸಾಲ ತೀರಿಸದ ಭಾವಮೈದುನ, ಅಲ್ಲಿಂದ ಅವನ ಮದುವೆಯಲ್ಲಿ ಊಟ ಸರಿ ಇರಲಿಲ್ಲ ಅನ್ನುವ ತನಕ. ಜಪ ಯಾವಾಗ ನಿಂತಿತು ಅಂತಲೇ ಗೊತ್ತಿಲ್ಲ. ನನಗೆ ಧ್ಯಾನ ಆಗಿಬರುವುದಿಲ್ಲ ಅಂತ ಜನ ಎದ್ದು ಹೋಗುವುದು ಈ ಜಾಗದಿಂದಲೇ.

ಅರ್ಜುನನದ್ದೂ ಇದೇ ದೂರು. ಮನಸ್ಸು ಚಂಚಲ, ಬಲವಾದದ್ದು, ಹಟಮಾರಿ, ಇದನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ ಅನ್ನುತ್ತಾನೆ. ಕೃಷ್ಣನ ಉತ್ತರ ನನಗೆ ತುಂಬಾ ಇಷ್ಟ. ನೀನು ಪ್ರಯತ್ನ ಸಾಲದವನು ಅಂತ ಬೈಯುವುದಿಲ್ಲ. ಸಂಶಯವೇ ಇಲ್ಲ, ಮನಸ್ಸು ಹಿಡಿತಕ್ಕೆ ಸಿಗುವುದು ಕಷ್ಟ ಅಂತ ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ, ಅಭ್ಯಾಸದಿಂದ ಮತ್ತು ವೈರಾಗ್ಯದಿಂದ ಸಿಗುತ್ತದೆ ಅನ್ನುತ್ತಾನೆ. ಪತಂಜಲಿ ಹೇಳುವುದೂ ಇದೇ ಎರಡನ್ನು.

ಅಭ್ಯಾಸ ಅಂದರೆ ಏನು ಅನ್ನುವುದು ಇಪ್ಪತ್ತಾರನೇ ಶ್ಲೋಕದಲ್ಲಿದೆ. ಮನಸ್ಸು ಎಲ್ಲೆಲ್ಲಿ ಹೊರಗೆ ಹೋಗುತ್ತದೋ ಅಲ್ಲಲ್ಲಿಂದ ಅದನ್ನು ಹಿಂದಕ್ಕೆ ತರುವುದು. ಹೋಗದಂತೆ ತಡೆ ಅಂತ ಹೇಳಿಲ್ಲ, ಗಮನಿಸಿ. ಹೋಗುತ್ತದೆ ಅನ್ನುವುದನ್ನು ಒಪ್ಪಿಕೊಂಡೇ ಮಾತು ಶುರುವಾಗಿದೆ. ಹಗ್ಗ ಬಿಚ್ಚಿಕೊಂಡ ಕರುವನ್ನು ಬಡಿದು ತಂದರೆ ನಾಳೆ ನಿಮ್ಮನ್ನು ಕಂಡರೇ ಓಡುತ್ತದೆ, ಮೆಲ್ಲಗೆ ಕರೆದು ತಂದರೆ ಕೊಟ್ಟಿಗೆಯ ದಾರಿ ತಾನೇ ಕಲಿಯುತ್ತದೆ. ಅದಕ್ಕೆ ಹಿಂದಿನ ಶ್ಲೋಕದಲ್ಲೇ ಮೆಲ್ಲಮೆಲ್ಲಗೆ ಅಂತ ಹೇಳಿಟ್ಟಿದ್ದಾನೆ.

ಮಾಡುವ ಕ್ರಮ ಹೀಗೆ. ಭಾವಮೈದುನನ ಮದುವೆಗೆ ಹೋಗಿದ್ದೀರಿ ಅಂತ ತಿಳಿದ ಕ್ಷಣ ಅಲ್ಲೇ ನಿಲ್ಲಿ. ಯಾಕೆ ಹೋದೆ ಅಂತ ವಿಚಾರಣೆ ಬೇಡ. ಛೇ ಅಂತ ಬೈದುಕೊಳ್ಳುವುದೂ ಬೇಡ, ಅದೂ ಇನ್ನೊಂದು ಯೋಚನೆ. ಒಮ್ಮೆ ಉಸಿರು ಬಿಡಿ. ಮುಂದಿನ ಮಣಿಗೆ ಬನ್ನಿ. ಕೂತಷ್ಟು ಹೊತ್ತೂ ಇದನ್ನೇ ಮಾಡಿದ್ದೀರಿ ಅಂದರೂ ಅಭ್ಯಾಸ ಸರಿಯಾಗಿ ಆಗಿದೆ ಅಂತಲೇ ಅರ್ಥ. ಒಮ್ಮೆ ಹಿಂದೆ ಬಂದಿದ್ದು ಒಂದು ಜಪಕ್ಕೆ ಸಮ ಅಂತ ಇಟ್ಟುಕೊಳ್ಳಿ.

ಮರೆತುಹೋಗುತ್ತದೆ ಅಂತ ಭಯವಾಗುವ ಕೆಲಸ ನೆನಪಾದರೆ ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ಸಿಲಿಂಡರ್ ಅಂತ ಒಂದೇ ಪದ ಗೀಚಿ ಮುಂದುವರಿಯಿರಿ. ಶಾಸ್ತ್ರದಲ್ಲಿ ಇದಿಲ್ಲ, ಆದರೆ ಕೆಲಸ ಮಾಡುತ್ತದೆ.

ಪತಂಜಲಿ ಒಂಬತ್ತು ಅಡ್ಡಿಗಳನ್ನು ಪಟ್ಟಿ ಮಾಡುತ್ತಾನೆ: ಕಾಯಿಲೆ, ಜಡತೆ, ಸಂಶಯ, ಅಜಾಗರೂಕತೆ, ಸೋಮಾರಿತನ, ಭೋಗದ ಆಸೆ, ತಪ್ಪು ತಿಳಿವಳಿಕೆ, ಮುಂದಿನ ಹಂತ ಸಿಗದಿರುವುದು, ಸಿಕ್ಕರೂ ಅಲ್ಲಿ ನಿಲ್ಲದಿರುವುದು. ಹೊಸಬರಿಗೆ ಕಾಡುವುದು ಬಹುಪಾಲು ಎರಡನೆಯದು ಮತ್ತು ಮೂರನೆಯದು. ತೂಕಡಿಕೆ ಬಂದರೆ ಕಣ್ಣು ತೆರೆದು ದೀಪ ನೋಡುತ್ತಾ ಗಟ್ಟಿಯಾಗಿ ಜಪ ಮಾಡಿ, ಇಲ್ಲವೇ ಎದ್ದು ನಾಲ್ಕು ಹೆಜ್ಜೆ ಹಾಕಿ ಬನ್ನಿ. ಸಂಶಯಕ್ಕೆ ಔಷಧ ಅಂದರೆ ಅವಧಿ ಹಾಕಿಕೊಳ್ಳುವುದು. ಈ ದೀಪಾವಳಿಯಿಂದ ಸಂಕ್ರಾಂತಿಯ ತನಕ ಪ್ರಶ್ನೆ ಕೇಳದೆ ಮಾಡುತ್ತೇನೆ, ಆಮೇಲೆ ನೋಡೋಣ ಅಂತ.

ಬೆಳಕು ಕಂಡಿತು, ಮೈ ಹಗುರಾಯಿತು, ಯಾರೋ ಕರೆದ ಹಾಗಾಯಿತು ಅಂತ ಕೆಲವರಿಗೆ ಆಗುತ್ತದೆ. ಆಗಲಿ. ಹೆದರುವುದು ಬೇಡ, ಹೆಮ್ಮೆಯೂ ಬೇಡ. ಅದೂ ಹೊರಗೆ ಹೋದ ಮನಸ್ಸೇ. ಮುಂದಿನ ಮಣಿಗೆ ಬನ್ನಿ. ಆದರೆ ನಿದ್ರೆಯೇ ಬಾರದಿರುವುದು, ಎದೆ ಡವಡವ ಅನ್ನುತ್ತಲೇ ಇರುವುದು, ದಿನವಿಡೀ ಧ್ವನಿಗಳು ಕೇಳಿಸುವುದು ಆದರೆ ಕೂರುವುದನ್ನು ನಿಲ್ಲಿಸಿ ವೈದ್ಯರನ್ನು ನೋಡಿ. ಖಿನ್ನತೆಗೆ, ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಧ್ಯಾನ ಶುರುವಾಯಿತು ಅಂತ ಮಾತ್ರೆ ಬಿಡಬಾರದು. ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು.

ವೈರಾಗ್ಯ: ಜಾಸ್ತಿಯಾದದ್ದನ್ನು ವಾಪಸ್ ಕೊಡುವುದು

ವೈರಾಗ್ಯ ಅಂದರೆ ಮನೆ ಬಿಟ್ಟು ಹೋಗುವುದು ಅಂತ ಹೆದರುವವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಬೇಕು. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಮನೆಯಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಅದೇ ಅವನ ಕಾಯಕ. ಒಂದು ದಿನ ಯಾವತ್ತಿಗಿಂತ ಜಾಸ್ತಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ನಮಗೆ ಬೇಕಾದಷ್ಟು ಸಾಕು, ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಗಂಡನೂ ಇದ್ದ, ಮನೆಯೂ ಇತ್ತು, ಅಡುಗೆಯೂ ಇತ್ತು. ವೈರಾಗ್ಯವೂ ಇತ್ತು.

ಇದನ್ನು ವಾರಕ್ಕೊಂದು ವಿಷಯದಲ್ಲಿ ಮಾಡಿ ನೋಡಿ. ಬೇಕಿಲ್ಲದ ಒಂದು ವಾಟ್ಸಾಪ್ ಗುಂಪಿನಿಂದ ಹೊರಗೆ ಬನ್ನಿ. ಬೇರೆಯವರ ಮನೆಯ ವಿಷಯ ಮಾತಾಡುವ ಒಂದು ಫೋನ್ ಕಾಲ್ ಕಡಿಮೆ ಮಾಡಿ. ಕೂತಾಗ ಮನಸ್ಸು ಎಲ್ಲಿಗೆ ಓಡುತ್ತದೆ ಅನ್ನುವುದೇ ಪಟ್ಟಿ ಕೊಡುತ್ತದೆ. ಪ್ರತಿದಿನ ಒಂದೇ ಕಡೆ ಓಡುತ್ತಿದ್ದರೆ ಅಲ್ಲಿ ಏನೋ ಜಾಸ್ತಿ ಇದೆ.

ದಿನದ ಉಳಿದ ಹೊತ್ತು

ಧ್ಯಾನ ಎಷ್ಟು ಆಳಕ್ಕೆ ಹೋಯಿತು ಅಂತ ಅಳೆಯುವುದು ಹೇಗೆ? ಗೀತೆಯ ಅಳತೆ ಮೂವತ್ತೆರಡನೇ ಶ್ಲೋಕದಲ್ಲಿದೆ. ಬೇರೆಯವರ ಸುಖ ದುಃಖವನ್ನು ತನ್ನದರ ಹಾಗೆ ಕಾಣುವವನೇ ಶ್ರೇಷ್ಠ ಯೋಗಿ. ಕಣ್ಣು ಮುಚ್ಚಿದಾಗ ಏನು ಕಂಡಿತು ಅಂತ ಆ ಶ್ಲೋಕ ಕೇಳುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಧ್ಯಾನ ಮಾಡಿ ಒಂಬತ್ತಕ್ಕೆ ಮನೆಗೆಲಸದವಳ ಮೇಲೆ ಕೂಗಾಡಿದರೆ ಆ ಅರ್ಧ ಗಂಟೆಯ ಲೆಕ್ಕ ಏನಾಯಿತು ಅಂತ ನೀವೇ ಹೇಳಿ.

ಇದಕ್ಕೆ ಪತಂಜಲಿ ಬಹಳ ಬಳಕೆಗೆ ಬರುವ ಒಂದು ಸೂತ್ರ ಕೊಟ್ಟಿದ್ದಾನೆ. ಸುಖವಾಗಿರುವವರನ್ನು ಕಂಡರೆ ಸ್ನೇಹ, ಕಷ್ಟದಲ್ಲಿರುವವರನ್ನು ಕಂಡರೆ ಕರುಣೆ, ಒಳ್ಳೆಯ ಕೆಲಸ ಮಾಡುವವರನ್ನು ಕಂಡರೆ ಸಂತೋಷ, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ. ಹೀಗಿದ್ದರೆ ಮನಸ್ಸು ತಿಳಿಯಾಗುತ್ತದೆ ಅನ್ನುತ್ತಾನೆ. ಓರಗಿತ್ತಿ ಹೊಸ ಒಡವೆ ಹಾಕಿಕೊಂಡು ಬಂದಾಗ, ಕಚೇರಿಯಲ್ಲಿ ನಿಮ್ಮ ನಂತರ ಸೇರಿದವನಿಗೆ ಬಡ್ತಿ ಸಿಕ್ಕಾಗ ಈ ಸೂತ್ರ ಕೈಗೆ ಬರಬೇಕು. ಚೆನ್ನಾಗಿದೆ ಅಂತ ಬಾಯಿಬಿಟ್ಟು ಒಂದು ಮಾತು ಹೇಳಿ. ಮನಸ್ಸು ಇನ್ನೂ ಒಪ್ಪದಿದ್ದರೂ ಹೇಳಿ. ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡುವುದು ಕಡಿಮೆಯಾಗುತ್ತದೆ. ಉಪೇಕ್ಷೆ ಅಂದರೆ ಅನ್ಯಾಯ ಸಹಿಸುವುದು ಅಂತ ಮಾತ್ರ ತಿಳಿಯಬೇಡಿ. ದೂರು ಕೊಡಬೇಕಾದ ಕಡೆ ಕೊಡಿ. ದಿನವಿಡೀ ಆ ಮನುಷ್ಯನನ್ನು ತಲೆಯಲ್ಲಿ ಹೊತ್ತು ತಿರುಗಬೇಡಿ.

ನಾನು ಯಾರು ಅನ್ನುವ ಪ್ರಶ್ನೆ

ಜಪ ಕೆಲವು ತಿಂಗಳು ಬಿಡದೆ ನಡೆದ ಮೇಲೆ ಕೆಲವರಿಗೆ ಈ ಪ್ರಶ್ನೆ ತಾನಾಗಿ ಬರುತ್ತದೆ. 1896ರಲ್ಲಿ ಮದುರೆಯಲ್ಲಿ ಹದಿನಾರು ವರ್ಷದ ವೆಂಕಟರಾಮನ್ ಅನ್ನುವ ಹುಡುಗನಿಗೆ ಇದ್ದಕ್ಕಿದ್ದ ಹಾಗೆ ಸಾವಿನ ಭಯ ಹತ್ತಿತು. ಅವನು ಓಡಲಿಲ್ಲ, ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಮಲಗಿ, ಈ ದೇಹ ಸತ್ತರೆ ನಾನು ಸಾಯುತ್ತೇನಾ ಅಂತ ಒಳಗೇ ನೋಡಿದ. ಅದೇ ವರ್ಷ ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈಗೆ ಬಂದ. 1950ರಲ್ಲಿ ದೇಹ ಬಿಡುವ ತನಕ ಅಲ್ಲಿಂದ ಬೇರೆಲ್ಲಿಗೂ ಹೋಗಲಿಲ್ಲ. ಅವರೇ ರಮಣ ಮಹರ್ಷಿ. ಹುಣ್ಣಿಮೆಯ ದಿನ ಅಲ್ಲಿನ ಅರುಣಾಚಲ ಬೆಟ್ಟದ ಸುತ್ತ 14 ಕಿಲೋಮೀಟರ್ ಪ್ರದಕ್ಷಿಣೆ ಹಾಕಲು ಬೆಂಗಳೂರಿನಿಂದಲೂ ಜನ ಬಸ್ಸು ಹತ್ತುತ್ತಾರೆ.

ಅವರು ಹೇಳಿದ ಕ್ರಮ ಚಿಕ್ಕದು. ಯೋಚನೆ ಬಂದಾಗ ಅದರ ಹಿಂದೆ ಹೋಗಬೇಡಿ. ಇದು ಯಾರಿಗೆ ಬಂತು ಅಂತ ಕೇಳಿ. ನನಗೆ ಅನ್ನುವುದು ಉತ್ತರ. ಆ ನಾನು ಯಾರು, ಎಲ್ಲಿಂದ ಏಳುತ್ತಿದೆ ಅಂತ ಗಮನವನ್ನು ಅಲ್ಲಿಗೆ ತಿರುಗಿಸಿ. ಇನ್ನೊಂದು ಯೋಚನೆ ಬಂದರೆ ಮತ್ತೆ ಅದೇ. ಇದನ್ನು ಮಂತ್ರದ ಹಾಗೆ ಬಾಯಿಪಾಠ ಹೇಳಬಾರದು ಅಂತ ಅವರೇ ಎಚ್ಚರಿಸಿದ್ದರು. ಮಾತಿನ ಉತ್ತರವನ್ನೂ ಹುಡುಕಬಾರದು. ನಾನು ಬ್ರಹ್ಮ ಅಂತ ಪುಸ್ತಕದಿಂದ ತಂದ ಉತ್ತರ ಇಟ್ಟರೆ ವಿಚಾರ ಅಲ್ಲಿಗೆ ಮುಗಿಯಿತು.

ಅದರಲ್ಲೂ ಆ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಆತ್ಮವನ್ನು ಅರಿಯುವುದು ಅಂದರೆ ಶೃಂಗೇರಿಯಲ್ಲಿ ಕೇಳಿದರೆ ಆತ್ಮವೇ ಬ್ರಹ್ಮ ಅಂತ ತಿಳಿಯುವುದು. ಘಟ್ಟ ಇಳಿದು ಉಡುಪಿಗೆ ಬಂದು ಕೇಳಿದರೆ ಜೀವ ಬೇರೆ, ಹರಿ ಬೇರೆ, ತಾನು ಹರಿಯ ಅಧೀನ ಅಂತ ತಿಳಿಯುವುದು. ಮೇಲುಕೋಟೆಯಲ್ಲಿ ಕೇಳಿದರೆ ತಾನು ನಾರಾಯಣನ ದೇಹದ ಹಾಗೆ ಅವನಿಂದ ಬೇರ್ಪಡದವನು ಅಂತ ತಿಳಿಯುವುದು. ಶಂಕರ, ಮಧ್ವ, ರಾಮಾನುಜ ಮೂವರೂ ಗೀತೆಗೆ ಭಾಷ್ಯ ಬರೆದಿದ್ದಾರೆ, ಮೂವರೂ ಆರನೇ ಅಧ್ಯಾಯವನ್ನು ಒಪ್ಪಿದ್ದಾರೆ. ವಾದ ತೀರುವ ತನಕ ಅಭ್ಯಾಸಕ್ಕೆ ಕಾಯುವುದು ಬೇಡ. ಮಾಧ್ವರ ಮನೆಯಲ್ಲಿ ಬೆಳೆದವರಿಗೆ ಮೇಲಿನ ವಿಚಾರಕ್ಕಿಂತ ತಮ್ಮ ಪರಂಪರೆಯ ಉಪಾಸನೆಯೇ ಹತ್ತಿರ ಅನ್ನಿಸಿದರೆ ಅದನ್ನೇ ಹಿಡಿಯಲಿ.

ಬಿಟ್ಟುಹೋದಾಗ

ಬಿಟ್ಟುಹೋಗುತ್ತದೆ. ಮನೆಗೆ ನೆಂಟರು ಬರುತ್ತಾರೆ, ಮಗುವಿಗೆ ಜ್ವರ ಬರುತ್ತದೆ, ಮಾರ್ಚ್ ತಿಂಗಳ ಲೆಕ್ಕಪತ್ರ ಬರುತ್ತದೆ. ಅರ್ಜುನನೂ ಕೇಳಿದ: ಶ್ರದ್ಧೆ ಇದ್ದೂ ನಡುವೆ ಜಾರಿದವನ ಗತಿ ಏನು, ಅತ್ತ ಇಲ್ಲ ಇತ್ತ ಇಲ್ಲದೆ ಚೂರಾದ ಮೋಡದ ಹಾಗೆ ಹಾಳಾಗುತ್ತಾನಾ ಅಂತ. ಇಲ್ಲ ಮಗೂ, ಒಳ್ಳೆಯದು ಮಾಡಿದ ಯಾರಿಗೂ ದುರ್ಗತಿ ಇಲ್ಲ ಅನ್ನುತ್ತಾನೆ ಕೃಷ್ಣ. ಮಾಡಿದ್ದು ಈ ಜನ್ಮದಲ್ಲಿ ಮುಗಿಯದಿದ್ದರೆ ಮುಂದಿನ ಜನ್ಮದಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ ಅಂತಲೂ ಹೇಳುತ್ತಾನೆ. ಹಾಗಿರುವಾಗ ಎರಡು ವಾರದ ಅಂತರಕ್ಕೆ ಇಷ್ಟೊಂದು ಕೊರಗೇಕೆ?

ಬಿಟ್ಟ ದಿನಗಳನ್ನು ತುಂಬಿಸಲು ಹೋಗಬೇಡಿ. ನಿನ್ನೆಯದೂ ಸೇರಿಸಿ ಆರು ಸುತ್ತು ಅನ್ನುವುದು ಬೇಡ. ಮೊದಲ ದಿನದ ಹಾಗೆ ಒಂದು ಸುತ್ತಿನಿಂದ ಶುರು ಮಾಡಿ. ಪ್ರಯಾಣದಲ್ಲಿದ್ದರೆ ಬಸ್ಸಿನ ಸೀಟಿನಲ್ಲೇ ಬೆರಳ ಗೆಣ್ಣು ಎಣಿಸಿ ಜಪ ಮಾಡಬಹುದು.

ಗುರು ಬೇಕಾ

ಮುಂದೆ ಹೋದಂತೆ ಬೇಕು. ಅವಸರ ಮಾತ್ರ ಬೇಡ. ತಿಳಿದವರ ಬಳಿ ಹೋಗಿ ನಮಸ್ಕಾರ ಮಾಡು, ಪ್ರಶ್ನೆ ಕೇಳು, ಸೇವೆ ಮಾಡು ಅಂತ ನಾಲ್ಕನೇ ಅಧ್ಯಾಯದಲ್ಲಿದೆ. ಈ ಮೂರರಲ್ಲಿ ಮಧ್ಯದ್ದನ್ನು ಮರೆಸುವವರು ಜಾಸ್ತಿ. ಪ್ರಶ್ನೆ ಕೇಳಿದರೆ ಸಿಟ್ಟಾಗುವ ಕಡೆ, ಮೊದಲ ದಿನವೇ ದೊಡ್ಡ ಮೊತ್ತ ಕೇಳುವ ಕಡೆ, ಮನೆಯವರಿಗೆ ಹೇಳಬೇಡ ಅನ್ನುವ ಕಡೆ, ಇಷ್ಟು ದಿನದಲ್ಲಿ ಕುಂಡಲಿನಿ ಎಬ್ಬಿಸುತ್ತೇನೆ ಅನ್ನುವ ಕಡೆ ನಿಲ್ಲಬೇಡಿ. ಒಂಟಿಯಾಗಿ ಬಾ ಅನ್ನುವ ಕಡೆಗೆ ಹೋಗಲೇಬೇಡಿ.

ಮೊದಲು ನಿಮ್ಮ ಮನೆತನದ ಮಠ, ಗುರುಪೀಠ ಯಾವುದು ಅಂತ ಹಿರಿಯರನ್ನು ಕೇಳಿ. ಅಲ್ಲಿ ಮಂತ್ರೋಪದೇಶ, ಮುದ್ರಾಧಾರಣೆ, ಲಿಂಗದೀಕ್ಷೆ ಹೀಗೆ ಏನಾದರೊಂದು ಕ್ರಮ ಇದ್ದೇ ಇರುತ್ತದೆ. ಅಂಥದ್ದು ಇಲ್ಲದವರು ಮೈಸೂರು, ಬೆಂಗಳೂರಿನ ರಾಮಕೃಷ್ಣ ಆಶ್ರಮಗಳಿಗೆ ಸಂಜೆಯ ಆರತಿ ಹೊತ್ತಿಗೆ ಹೋಗಿ ನೋಡಬಹುದು. ಆರತಿ ಮುಗಿದ ಮೇಲೆ ಸುಮ್ನೆ ಕೂತು ಜಪ ಮಾಡಿ ಬರಲು ಅಲ್ಲಿ ಜಾಗ ಇದೆ. ತಿರುವಣ್ಣಾಮಲೈನ ರಮಣಾಶ್ರಮದಲ್ಲಿ ಕೆಲವು ದಿನ ಉಳಿಯಬೇಕು ಅಂದರೆ ಸಾಕಷ್ಟು ಮುಂಚೆಯೇ ಬರೆದು ಕೇಳಿಕೊಳ್ಳಬೇಕು. ಇದ್ಯಾವುದೂ ಈಗ ಆಗದು ಅನ್ನುವವರು ನಾಮಜಪ ಮಾಡುತ್ತಿರಿ. ಅದಕ್ಕೆ ಗುರು ಸಿಗುವ ತನಕ ಕಾಯಬೇಕಿಲ್ಲ.